ಅಡ್ರಿನಲ್ ಗ್ರಂಥಿ ಕೈಕೊಟ್ಟ ಮೇಲೆ: ಬಿಸಿಲೂರಿನಲ್ಲಿ ದಿನದ ಲೆಕ್ಕ

ಬಳ್ಳಾರಿಯಲ್ಲಿ ಯಾರಾದರೂ ಕಪ್ಪಾದರೆ ತಪ್ಪನ್ನು ಬಿಸಿಲಿನ ತಲೆಗೆ ಕಟ್ಟುವುದು ಸುಲಭ. ನಾನೂ ಹಾಗೇ ಮಾಡಿದೆ. ಜೀನ್ಸ್ ಹೊಲಿಯುವ ಒಂದು ಯೂನಿಟ್ಟಿನಲ್ಲಿ ಲೆಕ್ಕ ಬರೆಯುವವನು ನಾನು. ದಿನವಿಡೀ ಫ್ಯಾನಿನ ಕೆಳಗೆ ಕೂರುವವನ ಅಂಗೈ ಗೆರೆ ಕಪ್ಪಾಗಲು ಬಿಸಿಲು ಎಲ್ಲಿಂದ ಬರಬೇಕು ಎಂಬುದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಒಸಡು, ಬೆರಳಿನ ಗೆಣ್ಣು, ಚಿಕ್ಕಂದಿನಲ್ಲಿ ಬಿದ್ದ ಗಾಯದ ಕಲೆ, ಎಲ್ಲ ಕಪ್ಪಿಟ್ಟವು. ನಾಲ್ಕು ತಿಂಗಳಲ್ಲಿ ಒಂಬತ್ತು ಕೆಜಿ ಇಳಿದೆ. ಊಟಕ್ಕೆ ಕೂತರೆ ಉಪ್ಪಿನಕಾಯಿ ಭರಣಿ ಕೆಳಗಿಡುತ್ತಿರಲಿಲ್ಲ. "ಯಾಕಪ್ಪ, ಇಷ್ಟ ಕರ್ರಗ ಆಗೀದಿ? ಪಿತ್ತ ಆಗೇತೇನು?" ಎಂದು ಕೊಪ್ಪಳದ ಸೋದರತ್ತೆ ಕೇಳಿದಳು. ಪಿತ್ತಕ್ಕೂ ಔಷಧಿ ಕುಡಿದೆ.

ಕೊನೆಗೆ ಒಬ್ಬ ಡಾಕ್ಟರು ನನ್ನ ಬಾಯಿ ತೆರೆಸಿ ಒಸಡು ನೋಡಿದರು. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ಅಳೆದರು. ನಿಂತಾಗ ಇಪ್ಪತ್ತಕ್ಕಿಂತ ಹೆಚ್ಚು ಇಳಿದಿತ್ತು. ರಕ್ತದಲ್ಲಿ ಸೋಡಿಯಂ ಕಡಿಮೆ, ಪೊಟ್ಯಾಸಿಯಂ ಜಾಸ್ತಿ, ಬೆಳಗಿನ ಕಾರ್ಟಿಸಾಲ್ ತಳ ಕಂಡಿತ್ತು. ಸ್ಕ್ಯಾನಿನಲ್ಲಿ ಎರಡೂ ಅಡ್ರಿನಲ್ ಗ್ರಂಥಿಗಳು ಊದಿಕೊಂಡಿದ್ದವು. ಕಾರಣ ಟಿಬಿ. ಲಂಡನ್ನಿನ ವೈದ್ಯ ಥಾಮಸ್ ಅಡಿಸನ್ ಈ ಕಾಯಿಲೆಯನ್ನು ಮೊದಲು ವಿವರಿಸಿದ್ದು 1855ರಲ್ಲಿ. ಆಗ ಅಲ್ಲಿ ಟಿಬಿಯೇ ಇದಕ್ಕೆ ದೊಡ್ಡ ಕಾರಣವಾಗಿತ್ತು. ಈಗ ಆ ದೇಶಗಳಲ್ಲಿ ಹೆಚ್ಚಿನವರಿಗೆ ದೇಹದ ರೋಗನಿರೋಧಕ ಶಕ್ತಿಯೇ ತನ್ನ ಗ್ರಂಥಿಯ ಮೇಲೆ ತಿರುಗಿಬಿದ್ದು ಬರುತ್ತದೆ. ನಮ್ಮಲ್ಲಿ ಟಿಬಿ ಇನ್ನೂ ಆ ಪಟ್ಟಿಯಿಂದ ಇಳಿದಿಲ್ಲ.

ಇಲ್ಲಿ ಬರೆಯುತ್ತಿರುವುದು ಕಾಯಿಲೆ ಗೊತ್ತಾಗಿ, ಗುಳಿಗೆ ಶುರುವಾಗಿ, ಮನೆಗೆ ಬಂದ ಮೇಲೆ ಏನು ಮಾಡಬೇಕು ಎಂಬುದನ್ನು. ಪ್ರಮಾಣಗಳನ್ನು ಅಂದಾಜು ಸಿಗಲೆಂದು ಹೇಳುತ್ತೇನೆ. ನಿಮ್ಮ ಚೀಟಿಯಲ್ಲಿ ನಿಮ್ಮ ಡಾಕ್ಟರು ಬರೆದಿರುವುದೇ ನಿಮ್ಮ ಲೆಕ್ಕ.

ಮೊದಲು ಗ್ರಂಥಿಯ ಕೆಲಸ ತಿಳಿದುಕೊಳ್ಳಿ

ಎರಡು ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿ ಇಟ್ಟಂತೆ ಕೂತಿರುವ ಗ್ರಂಥಿಗಳಿವು. ಒಂದೊಂದರ ತೂಕ ನಾಲ್ಕೈದು ಗ್ರಾಂ. ಇವು ಮಾಡುವ ಕಾರ್ಟಿಸಾಲ್ ಬಿಪಿ, ಸಕ್ಕರೆ, ಕಸುವು ಕಾಯುತ್ತದೆ. ಆಲ್ಡೋಸ್ಟೆರೋನ್ ಎಂಬ ಇನ್ನೊಂದು ರಸ ಉಪ್ಪನ್ನು ಮೈಯಲ್ಲಿ ಹಿಡಿದಿಟ್ಟು ಪೊಟ್ಯಾಸಿಯಂ ಹೊರಗೆ ಹಾಕುತ್ತದೆ.

ಗಟ್ಟಿಯಾಗಿ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಮಾತು ಬೇರೆಯೇ ಇದೆ. ಆರೋಗ್ಯವಂತನಿಗೆ ಜ್ವರ ಬಂದರೆ, ಕಾಲು ಮುರಿದರೆ, ಗ್ರಂಥಿ ಯಾರನ್ನೂ ಕೇಳದೆ ಕಾರ್ಟಿಸಾಲನ್ನು ಎರಡು ಮೂರು ಪಟ್ಟು ಸುರಿಯುತ್ತದೆ. ನಮ್ಮದು ಸುರಿಯುವುದಿಲ್ಲ. ಡಬ್ಬಿಯಲ್ಲಿರುವ ಗುಳಿಗೆಗೆ ಜ್ವರ ಬಂದದ್ದು ಗೊತ್ತಾಗುವುದಿಲ್ಲ. ಗ್ರಂಥಿ ಇಡುತ್ತಿದ್ದ ಆ ಲೆಕ್ಕವನ್ನು ಈಗ ನಾವು ಇಡಬೇಕು, ನಮಗೆ ಎಚ್ಚರ ತಪ್ಪಿದಾಗ ಮನೆಯವರು ಇಡಬೇಕು. ಮುಂದೆ ಹೇಳುವುದೆಲ್ಲ ಈ ಲೆಕ್ಕದ ಪುಟಗಳೇ.

ಇದನ್ನು ಓದುತ್ತಿರುವವರಲ್ಲಿ ಕೆಲವರಿಗೆ ಗ್ರಂಥಿ ಹಾಳಾಗಿರಲಿಕ್ಕಿಲ್ಲ, ನಿದ್ದೆ ಹೋಗಿರಬಹುದು. ಉಬ್ಬಸಕ್ಕೋ ಕೀಲುನೋವಿಗೋ ತಿಂಗಳುಗಟ್ಟಲೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಗುಳಿಗೆ ನುಂಗಿದವರು, ಮೊಣಕಾಲು ನೋವಿಗೆ ಯಾರೋ ಕೊಟ್ಟ ಹೆಸರಿಲ್ಲದ ಪುಡಿಯಲ್ಲಿ ಸ್ಟೀರಾಯ್ಡ್ ತಿಂದವರು, ಅದನ್ನು ಒಮ್ಮೆಲೇ ನಿಲ್ಲಿಸಿದರೆ ನಮ್ಮಂತೆಯೇ ಕುಸಿಯುತ್ತಾರೆ. ಅವರ ಮೈ ಕಪ್ಪಾಗುವುದಿಲ್ಲ, ಹಾಗಾಗಿ ಗುರುತೂ ಸಿಗುವುದಿಲ್ಲ. ಜ್ವರ ಮತ್ತು ವಾಂತಿಯ ನಿಯಮ ಅವರಿಗೂ ಅನ್ವಯಿಸುತ್ತದೆ.

ದಿನದ ಗುಳಿಗೆ

ಸಾಮಾನ್ಯವಾಗಿ ದೊಡ್ಡವರಿಗೆ ಕಾರ್ಟಿಸಾಲಿನ ಜಾಗ ತುಂಬುವ ಹೈಡ್ರೋಕಾರ್ಟಿಸೋನ್ ದಿನಕ್ಕೆ 15ರಿಂದ 25 ಮಿ.ಗ್ರಾಂ, ಎರಡು ಅಥವಾ ಮೂರು ಪಾಲು ಮಾಡಿ. ದೊಡ್ಡ ಪಾಲು ಎದ್ದ ಕೂಡಲೇ, ಏಕೆಂದರೆ ಮೈ ತಾನೇ ಮಾಡುವಾಗಲೂ ಕಾರ್ಟಿಸಾಲ್ ಬೆಳಗಿನ ಜಾವ ಏರಿ ನಡುರಾತ್ರಿ ಇಳಿಯುತ್ತದೆ. ನನ್ನದು ಎದ್ದ ತಕ್ಷಣ 10, ಮಧ್ಯಾಹ್ನ 5, ನಾಲ್ಕು ಗಂಟೆ ಚಹಾದ ಹೊತ್ತಿಗೆ 5. ಕೊನೆಯದು ಮಲಗುವ ನಾಲ್ಕಾರು ತಾಸು ಮೊದಲೇ ಮುಗಿಯಬೇಕು, ಇಲ್ಲದಿದ್ದರೆ ರಾತ್ರಿಯೆಲ್ಲ ಮಾಳಿಗೆ ಮೇಲೆ ನಕ್ಷತ್ರ ಎಣಿಸಬೇಕಾಗುತ್ತದೆ. ಜೊತೆಗೆ ಬೆಳಿಗ್ಗೆ, ಆಲ್ಡೋಸ್ಟೆರೋನಿನ ಜಾಗಕ್ಕೆ, ಫ್ಲೂಡ್ರೋಕಾರ್ಟಿಸೋನ್. ಇದರ ಅಳತೆ ಮಿ.ಗ್ರಾಂನಲ್ಲಿ ಅಲ್ಲ, ಮೈಕ್ರೋಗ್ರಾಂನಲ್ಲಿ: 50ರಿಂದ 200. ಕೆಲವರಿಗೆ ಹೈಡ್ರೋಕಾರ್ಟಿಸೋನ್ ಬದಲು ದಿನಕ್ಕೊಂದೇ ಸಲ 3ರಿಂದ 5 ಮಿ.ಗ್ರಾಂ ಪ್ರೆಡ್ನಿಸೊಲೋನ್ ಕೊಡುತ್ತಾರೆ.

ನಾನು ಮೊದಲ ಗುಳಿಗೆಯನ್ನು ರಾತ್ರಿಯೇ ದಿಂಬಿನ ಹತ್ತಿರ ನೀರಿನ ಜೊತೆ ಇಟ್ಟು ಮಲಗುತ್ತೇನೆ. ಐದೂವರೆಗೆ ಅಲಾರಂ, ಗುಳಿಗೆ, ಮತ್ತೆ ಅರ್ಧ ತಾಸು ನಿದ್ದೆ. ಎದ್ದಾಗ ಕಾಲಲ್ಲಿ ಬಲ ಇರುತ್ತದೆ. ರಾತ್ರಿ ಪಾಳಿಯವರು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಾಗಲಿ ಶಕ್ತಿನಗರದ ವಿದ್ಯುತ್ ಸ್ಥಾವರವಾಗಲಿ, ಗಡಿಯಾರ ನೋಡಿ ನುಂಗಬಾರದು, ಎದ್ದ ಹೊತ್ತನ್ನು ನೋಡಿ ನುಂಗಬೇಕು. ಅದನ್ನೂ ಡಾಕ್ಟರ ಹತ್ತಿರ ಕೂತು ಹೊಂದಿಸಿಕೊಳ್ಳಿ.

ಮೆಡಿಕಲ್ ಶಾಪಿನಲ್ಲಿ ಎರಡು ಎಚ್ಚರ. ಹೈಡ್ರೋಕಾರ್ಟಿಸೋನ್ ಅಂದರೆ ಕೆಲವರು ತುರಿಕೆಯ ಮುಲಾಮು ಕೊಡುತ್ತಾರೆ, ಅದರಿಂದ ನಗು ಬಂದೀತೇ ಹೊರತು ಅಪಾಯವಿಲ್ಲ. ಆದರೆ ಹೈಡ್ರೋಕ್ಲೋರೋಥಯಾಜೈಡ್ ಎಂಬ ಬಿಪಿ ಗುಳಿಗೆಯ ಹೆಸರಿನ ತಲೆಭಾಗವೂ ಹೀಗೇ ಇದೆ. ಅದು ಮೈಯಿಂದ ಉಪ್ಪು ನೀರು ಹೊರಗೆ ಹಾಕುವ ಔಷಧಿ, ನಮಗೆ ಸರಿ ವಿರುದ್ಧ. ಪಟ್ಟಿಯ ಮೇಲಿನ ಹೆಸರನ್ನು ಕೊನೆಯ ಅಕ್ಷರದವರೆಗೆ ಓದಿಯೇ ದುಡ್ಡು ಕೊಡಿ. ಫ್ಲೂಡ್ರೋಕಾರ್ಟಿಸೋನ್ ನಮ್ಮ ಓಣಿಯ ಅಂಗಡಿಯಲ್ಲಿ ಕೇಳಿದಾಗೆಲ್ಲ ಸಿಗುವುದಿಲ್ಲ, ವಾರ ಮೊದಲೇ ಹೇಳಿ ತರಿಸಬೇಕು. ಮನೆಯಲ್ಲಿ ಒಂದು ತಿಂಗಳ ಗುಳಿಗೆ ಯಾವಾಗಲೂ ಹೆಚ್ಚಿಗೆ ಇರಲಿ.

"ಸ್ಟೀರಾಯ್ಡ್ ಅಂತಲ್ಲ, ಮೈ ಬಾತು ಹೋಗ್ತದ, ಬಿಡು" ಎಂದು ಹೇಳುವ ಹಿತೈಷಿ ಪ್ರತಿ ಮನೆಯಲ್ಲೂ ಒಬ್ಬರು ಇರುತ್ತಾರೆ. ಮೈ ಬಾಯುವುದು ಮೈಗೆ ಬೇಕಾದ್ದಕ್ಕಿಂತ ಹೆಚ್ಚು ತಿಂದಾಗ. ನಾವು ತಿನ್ನುವುದು ಮೈ ಮಾಡಲಾರದ್ದನ್ನು, ಅಷ್ಟೇ ಅಳತೆಯಲ್ಲಿ. ಎರಡು ದಿನ ಬಿಟ್ಟರೆ ಜೀವಕ್ಕೇ ಕುತ್ತು ಬರುತ್ತದೆ. ಈ ವಾದಕ್ಕೆ ಇಳಿಯುವ ತಾಳ್ಮೆ ನನಗೀಗ ಇಲ್ಲ. "ಆತು ಮಾಮಾ, ಡಾಕ್ಟರಿಗೆ ಕೇಳ್ತೀನಿ" ಎಂದು ಹೇಳಿ ನುಂಗುತ್ತೇನೆ.

ಉಪ್ಪು, ಬಿಸಿಲು, ಎಳನೀರು

ಬಿಪಿ ಇರುವವರಿಗೆಲ್ಲ ಉಪ್ಪು ಬಿಡಿ ಎನ್ನುವ ಕಾಲದಲ್ಲಿ ಉಪ್ಪು ತಿನ್ನಿ ಎಂದು ಹೇಳಿಸಿಕೊಳ್ಳುವವರು ನಾವು. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರು 40 ಡಿಗ್ರಿ ದಾಟುತ್ತವೆ. ಬೆವರಿನಲ್ಲಿ ಹೋದ ಉಪ್ಪನ್ನು ಹಿಡಿದಿಡುವ ರಸ ನಮ್ಮಲ್ಲಿಲ್ಲ. ಬೇಸಿಗೆಯಲ್ಲಿ ನನ್ನ ಚೀಲದಲ್ಲಿ ಒಂದು ಬಾಟಲಿ ನೀರು ಮಜ್ಜಿಗೆ, ಚಿಟಿಕೆಯಲ್ಲ, ನಾಲಿಗೆಗೆ ಚುರ್ ಎನ್ನುವಷ್ಟು ಉಪ್ಪು ಹಾಕಿದ್ದು, ಇದ್ದೇ ಇರುತ್ತದೆ. ರೊಟ್ಟಿಗೆ ಶೇಂಗಾ ಚಟ್ನಿಪುಡಿ, ಉಪ್ಪಿನಕಾಯಿ. ಬೇಸಿಗೆ ಎರಡು ತಿಂಗಳಿಗೆ ಫ್ಲೂಡ್ರೋಕಾರ್ಟಿಸೋನ್ ಸ್ವಲ್ಪ ಏರಿಸಬೇಕೇ ಎಂದು ಮಾರ್ಚಿನಲ್ಲೇ ಡಾಕ್ಟರನ್ನು ಕೇಳಿಕೊಳ್ಳಿ, ನೀವಾಗಿ ಏರಿಸಬೇಡಿ. ಪಾದ ಬಾತರೆ, ಬಿಪಿ ಏರಿದರೆ ಹೆಚ್ಚಾಗಿದೆ ಎಂದರ್ಥ. ಎದ್ದು ನಿಂತಾಗ ಕಣ್ಣು ಕತ್ತಲಿಟ್ಟರೆ ಸಾಲುತ್ತಿಲ್ಲ.

ಎಳನೀರಿನ ವಿಷಯ ಬಿಡಿಸಿ ಹೇಳಬೇಕು. ನಮ್ಮಲ್ಲಿ ಸುಸ್ತಾದವನಿಗೆ ಮೊದಲು ಎಳನೀರು. ನನಗೂ ಆ ನಾಲ್ಕು ತಿಂಗಳು ದಿನಕ್ಕೆರಡು ಕುಡಿಸಿದರು, ಪ್ರೀತಿಯಿಂದಲೇ. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ, ಸೋಡಿಯಂ ಕಡಿಮೆ. ನಮ್ಮ ರಕ್ತದ ತೊಂದರೆಯೇ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಗುಳಿಗೆ ಸರಿಹೊಂದಿ, ರಕ್ತ ಪರೀಕ್ಷೆ ಚೆನ್ನಾಗಿದ್ದಾಗ ಅಪರೂಪಕ್ಕೆ ಒಂದು ಕುಡಿದರೆ ಯಾರೂ ಸಾಯುವುದಿಲ್ಲ. ಸುಸ್ತಾದಾಗ, ವಾಂತಿ ಭೇದಿಯಾದಾಗ ಮಾತ್ರ ಎಳನೀರು ಬೇಡ. ಒಂದು ಲೀಟರಿಗೆ ಒಂದು ಪ್ಯಾಕೆಟ್ ಓಆರ್‌ಎಸ್, ಇಲ್ಲವೇ ಉಪ್ಪು ಹಾಕಿದ ಗಂಜಿ.

ಗುಳಿಗೆಗೂ ಬಿಸಿಲು ತಾಗಬಾರದು. ತಗಡಿನ ಮನೆಯಲ್ಲಿ ಮಧ್ಯಾಹ್ನ ಅಲಮಾರಿನೇ ಒಲೆಯಾಗುತ್ತದೆ. ಪಟ್ಟಿಯ ಮೇಲೆ ಎಷ್ಟು ಡಿಗ್ರಿಯೊಳಗೆ ಇಡಬೇಕು ಎಂದು ಬರೆದಿರುತ್ತದೆ, ನೋಡಿ. ಫ್ರಿಜ್ ಇಲ್ಲದಾಗ ನಾವು ಮಾಡಿದ್ದು ಇಷ್ಟು: ದೊಡ್ಡ ಮಣ್ಣಿನ ಗಡಿಗೆಯಲ್ಲಿ ಅರ್ಧ ಮರಳು ತುಂಬಿ, ನೀರು ಚಿಮುಕಿಸಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಗುಳಿಗೆ ಹಾಕಿ ಮರಳಲ್ಲಿ ಹೂತು, ಮೇಲೆ ಒದ್ದೆ ಬಟ್ಟೆ. ಡಬ್ಬಿಯೊಳಗೆ ತೇವ ಹೋಗದಂತೆ ಮೊದಲು ಪ್ಲಾಸ್ಟಿಕ್ ಚೀಲ ಸುತ್ತಬೇಕು. ಬೈಕಿನ ಡಿಕ್ಕಿಯಲ್ಲಿ ಗುಳಿಗೆ ಇಡುವವರಿಗೆ ಒಂದು ಮಾತು: ಬೇಡ.

ಜ್ವರ ಬಂದರೆ

ಮನೆಯಲ್ಲಿ ಜ್ವರ ಅಳೆಯುವ ಥರ್ಮಾಮೀಟರ್ ಇರಲೇಬೇಕು. ಹಣೆ ಮುಟ್ಟಿ ನೋಡುವುದು ಸಾಲದು. 100.4 ಫ್ಯಾರನ್‌ಹೀಟ್ ದಾಟಿದರೆ ಹೈಡ್ರೋಕಾರ್ಟಿಸೋನ್ ಎರಡು ಪಟ್ಟು, 102.2 ದಾಟಿದರೆ ಮೂರು ಪಟ್ಟು. ಜ್ವರ ಬಿಡುವವರೆಗೆ, ಸಾಮಾನ್ಯವಾಗಿ ಎರಡು ಮೂರು ದಿನ. ಆಮೇಲೆ ನೇರವಾಗಿ ಹಳೆಯ ಲೆಕ್ಕಕ್ಕೆ ಬರಬಹುದು. ಫ್ಲೂಡ್ರೋಕಾರ್ಟಿಸೋನ್ ಏರಿಸುವುದಿಲ್ಲ. ಏರಿಸಿದ ಗುಳಿಗೆ ಜ್ವರಕ್ಕೆ ಮದ್ದಲ್ಲ ಎಂಬುದೂ ನೆನಪಿರಲಿ. ಡೆಂಗ್ಯೂವೋ ಟೈಫಾಯ್ಡೋ ಮತ್ತೊಂದೋ, ಅದನ್ನು ಬೇರೆಯಾಗಿ ತೋರಿಸಿಕೊಳ್ಳಬೇಕು. ಬರೀ ನೆಗಡಿಗೆ, ಮನೆಯ ಜಗಳಕ್ಕೆ, ಮಾರ್ಚ್ ಲೆಕ್ಕದ ಒತ್ತಡಕ್ಕೆ ಏರಿಸುವ ಅಗತ್ಯವಿಲ್ಲ. ನನ್ನ ಮೊದಲ ವರ್ಷ ಇದು ಗೊತ್ತಿಲ್ಲದೆ ಸುಮ್ಮಸುಮ್ಮನೆ ಏರಿಸಿ ಮುಖ ಉಬ್ಬಿಸಿಕೊಂಡಿದ್ದೆ.

ವಾಂತಿಯಾದರೆ ಬೆಳಗಾಗಲಿ ಎನ್ನಬೇಡಿ

ಜನವರಿ ತಿಂಗಳು, ಕೊಪ್ಪಳದ ಅಜ್ಜನ ಜಾತ್ರೆ. ಗವಿಮಠದ ತೇರು ನೋಡಿ, ದಾಸೋಹದಲ್ಲಿ ಉಂಡು, ಸಂಜೆ ಹೊರಗೆ ಸಾಲಾಗಿದ್ದ ಅಂಗಡಿಯಲ್ಲಿ ಮತ್ತೇನೇನೋ ತಿಂದೆ. ಹನ್ನೊಂದಕ್ಕೆ ಅತ್ತೆಯ ಮನೆಯಲ್ಲಿ ವಾಂತಿ ಶುರುವಾಯಿತು. ಇಂಥ ಹೊತ್ತಿಗೆಂದೇ ಇಟ್ಟಿದ್ದ ಹೈಡ್ರೋಕಾರ್ಟಿಸೋನ್ ಸೂಜಿ ಬಳ್ಳಾರಿಯಲ್ಲಿ, ಗಡಿಗೆಯಲ್ಲಿ, ಭದ್ರವಾಗಿತ್ತು. ಒಂದು ರಾತ್ರಿಗೆ ಯಾಕೆ ಎಂದು ಬಿಟ್ಟು ಬಂದಿದ್ದೆ. ಗುಳಿಗೆ ನುಂಗಿದೆ, ಹೊರಬಂತು. ಮತ್ತೆ ನುಂಗಿದೆ, ಮತ್ತೆ ಬಂತು. "ಮುಂಜಾನಿ ನೋಡೋಣು, ಈಗ ಮಲಕ್ಕೋ" ಎಂದರು. ಎರಡು ಗಂಟೆಗೆ ನನ್ನ ಮಾತು ತೊದಲುತ್ತಿತ್ತಂತೆ, ಕೈಕಾಲು ತಣ್ಣಗಾಗಿ ಅಂಗಿ ಬೆವರಿನಲ್ಲಿ ತೋಯ್ದಿತ್ತಂತೆ. ಆಸ್ಪತ್ರೆಗೆ ಒಯ್ದರು. ರಾತ್ರಿ ಪಾಳಿಯಲ್ಲಿದ್ದವರು ಗ್ಯಾಸಿನ ಸೂಜಿ ಮಾಡಿ ಸಲೈನ್ ಹಚ್ಚಿದರು. ಜಾತ್ರೆ ಊಟ, ವಾಂತಿ, ಯಾರಾದರೂ ಹಾಗೇ ಎಣಿಸುತ್ತಾರೆ. ನನ್ನ ಹೆಂಡತಿ ಪರ್ಸಿನಿಂದ ನನ್ನ ಕಾಯಿಲೆಯ ವಿವರ ಬರೆದ ಕಾರ್ಡು ತೆಗೆದು ಅವರ ಕಣ್ಣೆದುರು ಹಿಡಿದ ಮೇಲೆ ಹೈಡ್ರೋಕಾರ್ಟಿಸೋನ್ 100 ಮಿ.ಗ್ರಾಂ ರಕ್ತನಾಳಕ್ಕೆ ಹೋಯಿತು. ಸ್ವಲ್ಪ ಹೊತ್ತಿನಲ್ಲೇ ನಾನು ಎದ್ದು ನೀರು ಕೇಳಿದೆನಂತೆ. ಅವಳು ಈಗಲೂ ಆ ಕಥೆ ಹೇಳುವಾಗ ನನ್ನ ಮುಖ ನೋಡುವುದಿಲ್ಲ.

ನಿಯಮ ಹೀಗಿದೆ. ಗುಳಿಗೆ ನುಂಗಿದ ಅರ್ಧ ತಾಸಿನೊಳಗೆ ವಾಂತಿಯಾದರೆ ಮತ್ತೊಮ್ಮೆ ನುಂಗಿ. ಅದೂ ಹೊರಬಂದರೆ ಮೂರನೆಯದಕ್ಕೆ ಕೈಹಾಕಬೇಡಿ. ದೊಡ್ಡವರಿಗೆ 100 ಮಿ.ಗ್ರಾಂ ಹೈಡ್ರೋಕಾರ್ಟಿಸೋನ್ ಸೂಜಿ ತೊಡೆಗೆ, ಆಮೇಲೆ 108ಕ್ಕೆ ಫೋನು, ಆಸ್ಪತ್ರೆ. ಸೂಜಿ ಮಾಡಿದ ಮೇಲೆ ಹುಷಾರಾದರೂ ಆಸ್ಪತ್ರೆಗೆ ಹೋಗಲೇಬೇಕು. ನಿಲ್ಲದ ಭೇದಿ, ಎಚ್ಚರ ತಪ್ಪುವುದು, ದೊಡ್ಡ ಪೆಟ್ಟು, ಅಪಘಾತ, ಇವಕ್ಕೂ ಇದೇ ದಾರಿ. ಬೇಕೋ ಬೇಡವೋ ಎಂದು ಅನುಮಾನ ಬಂದರೆ ಮಾಡಿಬಿಡಿ. ಬೇಡದ ಒಂದು ಸೂಜಿಯಿಂದ ಕೆಡುಕಿಲ್ಲ, ಬೇಕಾದ ಒಂದು ತಪ್ಪಿದರೆ ಜೀವ ಹೋಗಬಹುದು. ಮಕ್ಕಳ ಪ್ರಮಾಣ ಬೇರೆ, ಅದನ್ನು ಡಾಕ್ಟರಿಂದ ಬರೆಸಿ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿ. ಮಕ್ಕಳಿಗೆ ಸಕ್ಕರೆಯೂ ಬೇಗ ಇಳಿಯುತ್ತದೆ.

ಸೂಜಿ ಮಾಡುವುದನ್ನು ನರ್ಸಮ್ಮ ಒಬ್ಬರು ನನ್ನ ಹೆಂಡತಿಗೆ ಮೋಸಂಬಿಯ ಮೇಲೆ ಕಲಿಸಿದರು. ಔಷಧಿ ಪುಡಿಯಾಗಿ ಚಿಕ್ಕ ಗಾಜಿನ ಬಾಟಲಿಯಲ್ಲಿರುತ್ತದೆ. ಸೂಜಿಗೆಂದೇ ಬರುವ ಶುದ್ಧ ನೀರನ್ನು 2 ಮಿ.ಲೀ ಸಿರಿಂಜಿಗೆ ಎಳೆದು, ರಬ್ಬರ್ ಮುಚ್ಚಳವನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಅದರ ಮೂಲಕವೇ ಒಳಗೆ ಬಿಡಬೇಕು. ಅಂಗೈಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದರೆ ಪುಡಿ ಕರಗಿ ತಿಳಿಯಾಗುತ್ತದೆ. ಪೂರ್ತಿ ಸಿರಿಂಜಿಗೆ ಎಳೆದು, ಗಾಳಿ ಹೊರಹಾಕಿ, ತೊಡೆಯ ನಡುಭಾಗದ ಹೊರಮಗ್ಗುಲಿಗೆ ಸೂಜಿಯನ್ನು ನೇರವಾಗಿ ಚುಚ್ಚಿ ಬಿಡುವುದು. ಅವಸರದಲ್ಲಿ ಬಟ್ಟೆಯ ಮೇಲಿಂದಲೇ ಚುಚ್ಚಿದರೂ ನಡೆಯುತ್ತದೆ. "ಇದು ಜೀನ್ಸ್ ಅಲ್ಲಲ್ಲ, ಲುಂಗಿ, ಸೂಜಿ ಮುರಿಯಂಗಿಲ್ಲ" ಎಂದು ಅವಳು ಮೊದಲ ಸಲ ನಕ್ಕಳು. ನಾಲ್ಕು ಮೋಸಂಬಿ ಹಾಳಾದವು. ಈಗ ನನ್ನ ಹದಿನಾಲ್ಕು ವರ್ಷದ ಮಗಳಿಗೂ ಬರುತ್ತದೆ. ನಿಮ್ಮೂರಿನ ನರ್ಸನ್ನು ಕೇಳಿ, ಕಲಿಸುತ್ತಾರೆ. ಕಾಗದದಲ್ಲಿ ಓದಿ ಕಲಿಯುವ ವಿದ್ಯೆ ಇದಲ್ಲ.

ಉಪವಾಸ, ಹಲ್ಲು, ಹೆರಿಗೆ

ಶ್ರಾವಣ ಸೋಮವಾರವಿರಲಿ, ಏಕಾದಶಿಯಿರಲಿ, ಗುಳಿಗೆಗೆ ಉಪವಾಸವಿಲ್ಲ. ಹಾಲಿನ ಜೊತೆ ನುಂಗಿ. ನೀರೂ ಬಿಡುವ ಉಪವಾಸ ಮಾತ್ರ ಬೇಡವೇ ಬೇಡ. ನಮ್ಮ ಯೂನಿಟ್ಟಿನ ಕಟಿಂಗ್ ಮಾಸ್ಟರ್‌ಗೆ ತಿಂಗಳುಗಟ್ಟಲೆ ಪ್ರೆಡ್ನಿಸೊಲೋನ್ ನಡೆದಿತ್ತು. ರಂಜಾನಿಗೆ ಮೊದಲು ಡಾಕ್ಟರನ್ನು ಕೇಳಿದ, ಆ ವರ್ಷ ರೋಜಾ ಬಿಟ್ಟ. ಕಾಯಿಲೆಯವರಿಗೆ ಧರ್ಮದಲ್ಲೇ ವಿನಾಯಿತಿ ಇದೆ ಎಂದು ಅವನೇ ನನಗೆ ಹೇಳಿದ್ದು.

ಹಲ್ಲು ಕೀಳಿಸುವ ಮೊದಲು, ಆಪರೇಷನ್ನಿಗೆ ಮೊದಲು ಹೇಳಲೇಬೇಕು. ಗುಳಿಗೆ ಏರಿಸುವುದೋ ಸೂಜಿ ಮಾಡುವುದೋ ಅವರು ನಿರ್ಧರಿಸುತ್ತಾರೆ. ಬಸುರಿಯರಿಗೆ ಕೊನೆಯ ಮೂರು ತಿಂಗಳಲ್ಲಿ ಪ್ರಮಾಣ ಹೆಚ್ಚಿಸಬೇಕಾಗಬಹುದು, ಹೆರಿಗೆ ಹೊತ್ತಿಗೆ ಸೂಜಿ ಬೇಕೇ ಬೇಕು. ಅಂಥವರು ಮನೆಯಲ್ಲಿ ಹೆರುವ ಮಾತು ಎತ್ತಬಾರದು.

ಬೇರೆ ಔಷಧಿ ಜೊತೆಗಿದ್ದರೆ

ಟಿಬಿ ಗುಳಿಗೆಯಲ್ಲಿರುವ ರಿಫಾಂಪಿಸಿನ್ ಯಕೃತ್ತನ್ನು ಚುರುಕು ಮಾಡಿ ಹೈಡ್ರೋಕಾರ್ಟಿಸೋನನ್ನು ಬೇಗ ಕರಗಿಸಿಬಿಡುತ್ತದೆ. ಟಿಬಿ ಔಷಧಿ ಶುರುವಾದ ಎರಡನೇ ವಾರ ನಾನು ಮತ್ತೆ ಹಾಸಿಗೆ ಹಿಡಿದೆ. ಟಿಬಿ ಗುಳಿಗೆ ಮೈಗೆ ಹೊಂದುತ್ತಿಲ್ಲ, ಬಿಡು ಎಂದರು ಮನೆಯಲ್ಲಿ. ಡಾಕ್ಟರು ಅದನ್ನು ಮುಟ್ಟದೆ ಹೈಡ್ರೋಕಾರ್ಟಿಸೋನನ್ನು ಎರಡು ಪಟ್ಟು ಮಾಡಿದರು, ಎದ್ದು ಕೂತೆ. ಟಿಬಿ ಚಿಕಿತ್ಸೆ ಮುಗಿದ ಮೇಲೂ ಸುಮಾರು ಎರಡು ವಾರ ಆ ಪ್ರಭಾವ ಇರುತ್ತದೆ, ಇಳಿಸುವುದನ್ನು ಅವರೇ ಹೇಳಬೇಕು. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಕೂಡ ಇದೇ ಕೆಲಸ ಮಾಡುತ್ತವೆ. ಥೈರಾಯ್ಡ್ ಗುಳಿಗೆಯನ್ನು ಕಾರ್ಟಿಸಾಲಿನ ಕೊರತೆ ತುಂಬುವ ಮೊದಲು ಶುರು ಮಾಡಿದರೆ ಕುಸಿತ ಬರಬಹುದು. ಕೆಮ್ಮಿಗೆ ಎಲ್ಲರೂ ಅಗಿಯುವ ಜೇಷ್ಠಮಧು ದಿನಾ ತಿಂದರೆ ಬಿಪಿ ಏರಿಸುತ್ತದೆ, ನಮ್ಮ ಲೆಕ್ಕವನ್ನೆಲ್ಲ ಕಲಸಿಬಿಡುತ್ತದೆ.

ಆರು ತಿಂಗಳಿಗೊಮ್ಮೆಯಾದರೂ ತೋರಿಸಿ: ತೂಕ, ಮಲಗಿ ಮತ್ತು ನಿಂತು ಬಿಪಿ, ಸೋಡಿಯಂ, ಪೊಟ್ಯಾಸಿಯಂ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ಗುಳಿಗೆ ನುಂಗುತ್ತಿರುವಾಗ ಬರೀ ಕಾರ್ಟಿಸಾಲ್ ಪರೀಕ್ಷೆಗೆ ಪದೇ ಪದೇ ದುಡ್ಡು ಸುರಿಯಬೇಡಿ. ಆ ಅಂಕಿ ಸಾಮಾನ್ಯವಾಗಿ ಡೋಸು ಹೊಂದಿಸಲು ಉಪಯೋಗಕ್ಕೆ ಬರುವುದಿಲ್ಲ.

ಕಾರ್ಡು ಮತ್ತು ಡಬ್ಬಿ

ಕಾರ್ಡಿನ ಒಂದು ಮಗ್ಗುಲು ಕನ್ನಡದಲ್ಲಿ, ಇನ್ನೊಂದು ಮಗ್ಗುಲು ಡಾಕ್ಟರಿಂದಲೇ ಇಂಗ್ಲಿಷಿನಲ್ಲಿ ಬರೆಸಿ. ನನ್ನ ಕನ್ನಡದ ಮಗ್ಗುಲು ಇದು: "ನನ್ನ ಅಡ್ರಿನಲ್ ಗ್ರಂಥಿ ಕೆಲಸ ಮಾಡುವುದಿಲ್ಲ. ವಾಂತಿ, ಪೆಟ್ಟು, ಎಚ್ಚರ ತಪ್ಪಿದಾಗ ಕೂಡಲೇ ಹೈಡ್ರೋಕಾರ್ಟಿಸೋನ್ 100 ಮಿ.ಗ್ರಾಂ ಸೂಜಿ ಕೊಡಿ. ಮೊದಲ ತಾಸಿನಲ್ಲಿ ಒಂದು ಲೀಟರ್ ನಾರ್ಮಲ್ ಸಲೈನ್. ಆಮೇಲೆ 24 ತಾಸಿಗೆ 200 ಮಿ.ಗ್ರಾಂ. ಪರೀಕ್ಷೆಯ ರಿಪೋರ್ಟಿಗೆ ಕಾಯಬೇಡಿ." ಒಂದು ಪರ್ಸಿನಲ್ಲಿ, ಒಂದು ಹೆಂಡತಿಯ ಹತ್ತಿರ, ಒಂದು ಮೊಬೈಲಿನ ಕವರಿನ ಒಳಗೆ, ಇನ್ನೊಂದು ಯೂನಿಟ್ಟಿನ ಮೇಸ್ತ್ರಿಯ ಡ್ರಾಯರಿನಲ್ಲಿ.

ಡಬ್ಬಿ ಎರಡು. ಮನೆಯದು ಗಡಿಗೆಯಲ್ಲಿ, ಇನ್ನೊಂದು ನನ್ನ ಚೀಲದಲ್ಲಿ, ಹಳೇ ಟಿಫಿನ್ ಬಾಕ್ಸ್. ಪುಡಿಯ ಬಾಟಲಿ ಎರಡು, ಸೂಜಿ ನೀರು, ಸಿರಿಂಜು ಎರಡು, ಹತ್ತಿ, ಮೂರು ದಿನದ ಗುಳಿಗೆ, ಓಆರ್‌ಎಸ್. ಬಸ್ಸಿನಲ್ಲಿ ಹೋಗುವಾಗ ಈ ಚೀಲ ಮೇಲಿನ ಕಂಬಿಗೆ ಹೋಗುವುದಿಲ್ಲ, ತೊಡೆಯ ಮೇಲೇ ಇರುತ್ತದೆ. ಬಾಟಲಿಗಳ ಅವಧಿ ಮುಗಿಯುವ ತಿಂಗಳನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿದ್ದೇವೆ. ಅವಧಿ ಮುಗಿದದ್ದನ್ನು ಎಸೆಯುವ ಮೊದಲು ಮಗಳು ಅದನ್ನೇ ಕಲಸಿ ಮತ್ತೊಂದು ಮೋಸಂಬಿಗೆ ಚುಚ್ಚಿ ಕೈ ಪಳಗಿಸಿಕೊಳ್ಳುತ್ತಾಳೆ. ಆ ಮೋಸಂಬಿಯನ್ನು ಯಾರೂ ತಿನ್ನದಂತೆ ಕಸದ ಬುಟ್ಟಿಗೆ ಹಾಕುವುದು, ಸೂಜಿಯನ್ನು ಗಟ್ಟಿ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ ಆಸ್ಪತ್ರೆಗೆ ಮರಳಿಸುವುದು ನನ್ನ ಪಾಲಿನ ಕೆಲಸ.